ಹನಿಯ ಹತ್ತನೇ ಒಂದು ಪಾಲು

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇಯ್ನ್ ರಾಜ್ಯದ ಕರಾವಳಿಯುದ್ದಕ್ಕೂ ಸಣ್ಣಪುಟ್ಟ ದ್ವೀಪಗಳಿವೆ. 1940ರ ದಶಕದಲ್ಲಿ ಬೇಸಿಗೆ ಬಂತೆಂದರೆ ಆ ದ್ವೀಪಗಳಿಗೆ ಸರ್ಕಾರದ ದೋಣಿಗಳು ಹೋಗುತ್ತಿದ್ದವು. ಇಳಿದವರ ಬಳಿ ಸಿಂಪಡಿಸುವ ಪಂಪು, ಪಂಪಿನೊಳಗೆ ನೀರಿನಲ್ಲಿ ಕದಡಿದ ಎಣ್ಣೆ, ಅದಕ್ಕೆ ಒಂದಿಷ್ಟು ಫಾರ್ಮಲಿನ್. ಅವರು ಹುಡುಕುತ್ತಿದ್ದದ್ದು ಹೆರಿಂಗ್ ಗಲ್ ಎಂಬ ದೊಡ್ಡ ಕಡಲಕ್ಕಿಯ ಗೂಡುಗಳನ್ನು. ಈ ಹಕ್ಕಿಗಳ ಸಂಖ್ಯೆ ಮಿತಿಮೀರಿದೆ, ಬ್ಲೂಬೆರಿ ತೋಟಗಳನ್ನು ಹಾಳು ಮಾಡುತ್ತಿವೆ, ಬೇರೆ ಹಕ್ಕಿಗಳನ್ನು ಓಡಿಸುತ್ತಿವೆ ಎಂಬ ದೂರುಗಳಿದ್ದವು. ಬೋಡನ್ ಕಾಲೇಜಿನ ಪಕ್ಷಿಶಾಸ್ತ್ರಜ್ಞ ಆಲ್ಫ್ರೆಡ್ ಗ್ರಾಸ್ ಈ ನಿಯಂತ್ರಣ ಕಾರ್ಯಕ್ರಮದ ಪ್ರಮುಖರಲ್ಲೊಬ್ಬರು.

ಮೊಟ್ಟೆ ಬೇಡವಾದರೆ ಒಡೆದು ಹಾಕಬಹುದಿತ್ತಲ್ಲ? ಒಡೆದರೆ ಪ್ರಯೋಜನವಿಲ್ಲ. ಗೂಡು ಬರಿದಾದದ್ದು ಕಂಡ ಕೂಡಲೇ ಹಕ್ಕಿ ಮತ್ತೆ ಇಡುತ್ತದೆ. ಎಣ್ಣೆ ಹೊಡೆದ ಮೊಟ್ಟೆಯಾದರೋ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತದೆ. ಒಳಗಿನ ಜೀವ ಹೋಗಿರುವುದು ತಾಯಿಗೂ ತಿಳಿಯುವುದಿಲ್ಲ, ತಂದೆಗೂ ತಿಳಿಯುವುದಿಲ್ಲ. ಫಾರ್ಮಲಿನ್ ಇರುವುದರಿಂದ ಕೊಳೆತು ನಾರುವುದೂ ಇಲ್ಲ. ಎರಡೂ ಹಕ್ಕಿಗಳು ಸರದಿಯ ಮೇಲೆ ಕಾವು ಕೂತು, ಕೂತು, ಹಂಗಾಮೇ ಕಳೆದುಹೋಗುತ್ತದೆ. ಹೀಗೆ ಲಕ್ಷಗಟ್ಟಲೆ ಮೊಟ್ಟೆಗಳಿಗೆ ಎಣ್ಣೆ ಬಿತ್ತು.

ಈ ತಂತ್ರ ಇಂದಿಗೂ ಬಳಕೆಯಲ್ಲಿದೆ. ಆಂಟಾರಿಯೋ ಸರೋವರದ ಲಿಟಲ್ ಗ್ಯಾಲೂ ದ್ವೀಪದಲ್ಲಿ ನೀರುಕಾಗೆಗಳ ಸಂಖ್ಯೆ ತಗ್ಗಿಸಲು 1999ರಿಂದ ಮೊಟ್ಟೆಗಳಿಗೆ ಎಣ್ಣೆ ಸಿಂಪಡಿಸಿದರು. ಉದ್ಯಾನಗಳಲ್ಲಿ, ಗಾಲ್ಫ್ ಮೈದಾನಗಳಲ್ಲಿ ಬೀಡುಬಿಡುವ ಕೆನಡಾ ಹೆಬ್ಬಾತುಗಳ ಮೊಟ್ಟೆಗೆ ಜೋಳದ ಎಣ್ಣೆ ಸವರುತ್ತಾರೆ. ಸವರುವ ಮುಂಚೆ ಮೊಟ್ಟೆಯನ್ನು ನೀರಿನಲ್ಲಿಟ್ಟು ನೋಡಬೇಕೆಂಬ ನಿಯಮವಿದೆ. ಮುಳುಗಿದರೆ ಭ್ರೂಣ ಇನ್ನೂ ಎಳೆಯದು, ಸವರಬಹುದು. ತೇಲಿದರೆ ಒಳಗೆ ಮರಿ ಬೆಳೆದಿದೆ, ಹಾಗೇ ಬಿಡಬೇಕು.

ಬೇಕೆಂದೇ ಸುರಿದ ಎಣ್ಣೆಯ ಕತೆ ಇದಾಯಿತು. ಹಡಗು ಒಡೆದು, ಬಾವಿ ಸಿಡಿದು, ಪೈಪು ಸೋರಿ ಬಂದ ಎಣ್ಣೆ ಇದೇ ಕೆಲಸವನ್ನು ಯಾರೂ ಕಾಣದಂತೆ ಮಾಡಬಲ್ಲದು ಎಂಬುದನ್ನು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದು ಬಹಳ ಮಟ್ಟಿಗೆ 1970ರ ದಶಕದಲ್ಲಿ. ಎಣ್ಣೆ ಚೆಲ್ಲಿದ ಸುದ್ದಿಯೊಂದಿಗೆ ಪತ್ರಿಕೆಗಳಲ್ಲಿ ಬರುವುದು ಮೈಯೆಲ್ಲ ಕಪ್ಪಾಗಿ ದಡದಲ್ಲಿ ಒದ್ದಾಡುವ ಹಕ್ಕಿಯ ಚಿತ್ರ. ಎಣ್ಣೆ ತಾಗಿದ ಮೊಟ್ಟೆಯ ಚಿತ್ರ ತೆಗೆದರೂ ಅದರಲ್ಲಿ ನೋಡಲು ಏನಿರುತ್ತದೆ? ಒಂದು ಮಸುಕು ಕಲೆ ಅಷ್ಟೆ.

ಮೊದಮೊದಲು ಎಲ್ಲರೂ ನಂಬಿದ್ದ ವಿವರಣೆ ಸರಳವಾಗಿತ್ತು: ಎಣ್ಣೆ ಚಿಪ್ಪಿನ ರಂಧ್ರಗಳನ್ನು ಮುಚ್ಚುತ್ತದೆ, ಮರಿ ಉಸಿರುಗಟ್ಟಿ ಸಾಯುತ್ತದೆ. ನಂಬಲು ಕಾರಣವೂ ಇತ್ತು. ನೋಡಲು ಕಲ್ಲಿನಂತಿರುವ ಮೊಟ್ಟೆ ಎಡೆಬಿಡದೆ ಉಸಿರಾಡುತ್ತಿರುತ್ತದೆ. ಕೋಳಿಮೊಟ್ಟೆಯೊಂದರ ಚಿಪ್ಪಿನಲ್ಲಿ ಸುಮಾರು 10 ಸಾವಿರ ಸೂಕ್ಷ್ಮ ರಂಧ್ರಗಳಿವೆ. ಅಮೆರಿಕದ ಶರೀರಶಾಸ್ತ್ರಜ್ಞ ಹರ್ಮನ್ ರಾನ್ ಮತ್ತು ಸಂಗಡಿಗರ ಲೆಕ್ಕದಂತೆ 60 ಗ್ರಾಂ ತೂಕದ ಕೋಳಿಮೊಟ್ಟೆ 21 ದಿನಗಳ ಕಾವಿನಲ್ಲಿ ಸುಮಾರು 6 ಲೀಟರ್ ಆಮ್ಲಜನಕವನ್ನು ಒಳಗೆಳೆದುಕೊಂಡು, ನಾಲ್ಕೂವರೆ ಲೀಟರ್ ಇಂಗಾಲದ ಡೈಆಕ್ಸೈಡ್ ಮತ್ತು 11 ಲೀಟರಿನಷ್ಟು ನೀರಾವಿಯನ್ನು ಹೊರಗೆ ಬಿಡುತ್ತದೆ. ಇಷ್ಟೂ ವ್ಯವಹಾರ ಆ ರಂಧ್ರಗಳ ಮೂಲಕವೇ. ತಿನ್ನುವ ಮೊಟ್ಟೆ ಬೇಗ ಕೆಡದಿರಲಿ ಎಂದು ಅದಕ್ಕೆ ಎಣ್ಣೆ ಸವರಿಡುವುದೂ ಇದೇ ರಂಧ್ರಗಳನ್ನು ಮುಚ್ಚಲೆಂದು. ಮಿಶಿಗನ್ ವಿಶ್ವವಿದ್ಯಾಲಯದ ರೋಲ್ಫ್ ಹಾರ್ಟುಂಗ್ 1965ರಲ್ಲಿ ಬಾತುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಖನಿಜತೈಲ ಸವರಿದ ಮೊಟ್ಟೆಗಳಲ್ಲಿ ಮರಿಯಾಗುವ ಪ್ರಮಾಣ ತೀರಾ ಇಳಿದದ್ದನ್ನು ದಾಖಲಿಸಿದರು. ಉಸಿರುಗಟ್ಟುವ ವಾದಕ್ಕೆ ಅದೂ ಹೊಂದುತ್ತಿತ್ತು.

ಮೇರಿಲ್ಯಾಂಡಿನ ಪಟಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಈ ವಾದಕ್ಕೆ ಪೆಟ್ಟು ಬಿತ್ತು. ಅಲ್ಲಿನ ಪೀಟರ್ ಆಲ್ಬರ್ಸ್ ಮಲ್ಲಾರ್ಡ್ ಬಾತಿನ ಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು, ಎಂಟನೆಯ ದಿನ ಅವುಗಳ ಮೇಲೆ ಅಳತೆ ಮಾಡಿದ ಎಣ್ಣೆ ಹಾಕಿದರು. ಬಳಸಿದ್ದು ಅಮೆರಿಕದ ಮನೆಗಳನ್ನು ಬಿಸಿಯಾಗಿಡಲು ಉರಿಸುವ, ಡೀಸೆಲಿಗೆ ತೀರ ಹತ್ತಿರದ ಇಂಧನ ತೈಲ. ಅಳತೆ ಎಷ್ಟು ಗೊತ್ತೇ? 1, 5, 10, 20, ಹೆಚ್ಚೆಂದರೆ 50 ಮೈಕ್ರೋಲೀಟರ್. ಔಷಧದ ಡ್ರಾಪರಿನಿಂದ ಬೀಳುವ ಒಂದು ಹನಿಯಲ್ಲಿ ಸುಮಾರು 50 ಮೈಕ್ರೋಲೀಟರ್ ಇರುತ್ತದೆ. 5 ಮೈಕ್ರೋಲೀಟರ್ ಎಂದರೆ ಆ ಹನಿಯ ಹತ್ತನೇ ಒಂದು ಪಾಲು. ಅಷ್ಟಕ್ಕೇ ಮರಿಯಾಗುವ ಮೊಟ್ಟೆಗಳ ಸಂಖ್ಯೆ ಗಣನೀಯವಾಗಿ ಕುಸಿಯಿತು.

ಇನ್ನೊಂದು ಗುಂಪಿನ ಮೊಟ್ಟೆಗಳಿಗೆ ಅವರು ಪ್ಯಾರಾಫಿನ್ ಜಾತಿಯ ಎಣ್ಣೆಗಳ ಮಿಶ್ರಣ ಹಾಕಿದರು, ಅದೂ ಪೂರ್ತಿ 50 ಮೈಕ್ರೋಲೀಟರ್. ಆ ಮೊಟ್ಟೆಗಳಿಗೆ ಏನೂ ಆಗಲಿಲ್ಲ. ಉಸಿರುಗಟ್ಟುವುದೇ ಕಾರಣವಾಗಿದ್ದರೆ ಹತ್ತು ಪಟ್ಟು ಹೆಚ್ಚು ಬಿದ್ದ ಪ್ಯಾರಾಫಿನ್ ಕೊಲ್ಲಬೇಕಿತ್ತು, ಚಿಪ್ಪಿನ ಸಣ್ಣ ಭಾಗವನ್ನಷ್ಟೇ ಮುಚ್ಚಿದ ಇಂಧನ ತೈಲ ಬಿಡಬೇಕಿತ್ತು. ಆದದ್ದು ತಿರುಗುಮುರುಗು. ಹಾಗಾದರೆ ತೈಲದೊಳಗಿನ ಯಾವುದೋ ವಿಷ ಚಿಪ್ಪು ದಾಟಿ ಒಳಗೆ ಹೋಗುತ್ತಿದೆ ಎಂದಾಯಿತು. ಇಡೀ ಮೊಟ್ಟೆಯನ್ನು ಎಣ್ಣೆಯಲ್ಲಿ ಅದ್ದಿದರೆ ಉಸಿರು ಕಟ್ಟುವುದೂ ನಿಜವೇ. ಆದರೆ ಸಮುದ್ರದ ಅಪಘಾತಗಳಲ್ಲಿ ಮೊಟ್ಟೆಗೆ ತಾಗುವುದು ಕಲೆಗಳಷ್ಟೇ, ಮತ್ತು ಆ ಕಲೆಗಳೇ ಸಾಕು.

ಪ್ರಯೋಗಾಲಯದ ಬಾತಿನ ಮೊಟ್ಟೆಗಳಲ್ಲಿ ಆದದ್ದು ಹೊರಗೆ ಸ್ವತಂತ್ರವಾಗಿ ಬದುಕುವ ಹಕ್ಕಿಗಳಲ್ಲೂ ಆಗುತ್ತದೆಯೇ ಎಂಬ ಪ್ರಶ್ನೆಗೆ 1979ರಲ್ಲಿ ಟೆಕ್ಸಸ್ ಕರಾವಳಿಯಿಂದ ಉತ್ತರ ಬಂತು. ಅಲ್ಲಿ ಗೂಡುಗಳಲ್ಲೇ ಇದ್ದ ಮೊಟ್ಟೆಗಳಿಗೆ 20 ಮೈಕ್ರೋಲೀಟರ್ ಇಂಧನ ತೈಲ ಹಾಕಿ, ತಂದೆತಾಯಿಯ ಕಾವಿಗೇ ಬಿಟ್ಟು, ಐದು ದಿನದ ಮೇಲೆ ನೋಡಿದರು. ಲೂಸಿಯಾನಾ ಹೆರಾನ್ ಎಂಬ ಬಕದ ಭ್ರೂಣಗಳಲ್ಲಿ ನೂರಕ್ಕೆ 61, ಸ್ಯಾಂಡ್‌ವಿಚ್ ರೀವ (ಟರ್ನ್) ಹಕ್ಕಿಯಲ್ಲಿ 56, ಲಾಫಿಂಗ್ ಗಲ್ ಕಡಲಕ್ಕಿಯಲ್ಲಿ 83 ಸತ್ತಿದ್ದವು.

ಆದರೂ ಒಂದು ಆಕ್ಷೇಪಕ್ಕೆ ಎಡೆಯಿತ್ತು. ಎಣ್ಣೆ ಇರುವುದು ನೀರಿನ ಮೇಲೆ, ಗೂಡಿರುವುದು ದಡದ ಮೇಲೆ. ಪ್ರಯೋಗ ಮಾಡುವವರೇ ತಂದು ಹಾಕಿದರೆ ಸರಿ, ನಿಜವಾದ ಅಪಘಾತದಲ್ಲಿ ಎಣ್ಣೆಯನ್ನು ಗೂಡಿಗೆ ಒಯ್ಯುವವರು ಯಾರು?

ಒಯ್ಯುವುದು ಹಕ್ಕಿಯೇ. ಕಾವಿನ ಕಾಲದಲ್ಲಿ ಹಲವು ಹಕ್ಕಿಗಳ ಹೊಟ್ಟೆಯ ಭಾಗದಲ್ಲಿ ಗರಿ ಉದುರಿ ಬಿಸಿ ಚರ್ಮ ಹೊರಬಿದ್ದಿರುತ್ತದೆ. ಮೊಟ್ಟೆ ಆ ಚರ್ಮಕ್ಕೂ ಸುತ್ತಲಿನ ಎದೆಗರಿಗಳಿಗೂ ಒತ್ತಿಕೊಂಡೇ ಇರುತ್ತದೆ. ಹಕ್ಕಿ ಆಗಾಗ ಕೊಕ್ಕಿನಿಂದ ಮೊಟ್ಟೆ ಹೊರಳಿಸುವುದರಿಂದ ಒಂದು ಕಡೆ ಅಂಟಿದ್ದು ಇನ್ನೊಂದು ಕಡೆಗೂ ಹರಡುತ್ತದೆ. ಮೇವಿಗೆಂದು ನೀರಿಗಿಳಿದ ಹಕ್ಕಿಯ ಎದೆಗೆ ತೆಳುವಾಗಿ ಎಣ್ಣೆ ಹತ್ತಿದರೆ ಅದು ಹಾರಬಲ್ಲದು, ಈಜಬಲ್ಲದು, ಆರೋಗ್ಯವಾಗಿಯೇ ಕಾಣುತ್ತದೆ. ಕಾವಿಗೆ ತಪ್ಪದೆ ಹಿಂತಿರುಗುತ್ತದೆ. ಟೆಕ್ಸಸ್ಸಿನಲ್ಲಿ ಕಾವು ಕೂತಿದ್ದ ಲಾಫಿಂಗ್ ಗಲ್‌ಗಳ ಎದೆಗೆ ಸ್ವಲ್ಪ ಇಂಧನ ತೈಲ ಸವರಿ ಬಿಟ್ಟು ನೋಡಿದಾಗ ಅವುಗಳ ಗೂಡಿನಲ್ಲಿ ಹತ್ತಕ್ಕೆ ನಾಲ್ಕರಷ್ಟು ಭ್ರೂಣಗಳು ಸತ್ತವು. ಆಲ್ಬರ್ಸ್ ಅವರೂ ಕೊಳದ ನೀರಿನ ಮೇಲೆ ಅಲಾಸ್ಕಾದ ಪ್ರೂಡೋ ಬೇ ಕಚ್ಚಾತೈಲ ಹರಡಿ, ಅಲ್ಲಿ ಈಜಿ ಬಂದ ಹೆಣ್ಣು ಬಾತುಗಳು ಮೊಟ್ಟೆಗಳಿಗೆ ತೈಲ ದಾಟಿಸುವುದನ್ನು ಕಂಡರು.

ತಾಯಿ ಸತ್ತರೆ ಸಾವಿನ ಲೆಕ್ಕಕ್ಕೆ ಒಂದು ಹಕ್ಕಿ ಸೇರುತ್ತದೆ. ಬದುಕಿ ಗೂಡಿಗೆ ಮರಳಿದರೆ ಆ ಲೆಕ್ಕ ಯಾವ ದಡದಲ್ಲೂ ಸಿಗುವುದಿಲ್ಲ.

ಚಿಪ್ಪಿನೊಳಗೆ ಹೋದ ಮೇಲೆ ಆಗುವುದೇನು? ಕಚ್ಚಾತೈಲ ಒಂದೇ ವಸ್ತುವಲ್ಲ, ಸಾವಿರಾರು ರಾಸಾಯನಿಕಗಳ ಕಲಸುಮೇಲೋಗರ. ಅದರಲ್ಲಿ ಹೆಚ್ಚಿನ ಕೇಡಿನದು ಬೆನ್ಜೀನಿನಂಥ ಉಂಗುರಗಳು ಎರಡು, ಮೂರು, ಐದು ಹೀಗೆ ಬೆಸೆದುಕೊಂಡ ಅಣುಗಳ ಗುಂಪು. ವಿಜ್ಞಾನಿಗಳು ಇದನ್ನು ಪಿಎಎಚ್ ಎಂದು ಕರೆಯುತ್ತಾರೆ. ತೈಲದಲ್ಲಿ ಇದರ ಪಾಲು ಕಮ್ಮಿ, ಪ್ರಭಾವ ಜಾಸ್ತಿ. ಪಟಕ್ಸೆಂಟಿನ ಡೇವಿಡ್ ಹಾಫ್‌ಮನ್ ನಿರುಪದ್ರವಿ ಎಣ್ಣೆಮಿಶ್ರಣಗಳಿಗೆ ಕ್ರೈಸೀನ್, ಬೆನ್ಜೋಪೈರೀನ್ ಮುಂತಾದ ಪಿಎಎಚ್‌ಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿ ನೋಡಿದರು. ಸೇರಿಸಿದ ಕೂಡಲೇ ಮಿಶ್ರಣ ಭ್ರೂಣಗಳಿಗೆ ಮಾರಕವಾಯಿತು.

ಈ ಅಣುಗಳು ಭ್ರೂಣದ ಜೀವಕೋಶಗಳಲ್ಲಿರುವ ಒಂದು ಗ್ರಾಹಕಕ್ಕೆ ಅಂಟಿಕೊಳ್ಳುತ್ತವೆ. ಆಗ ಪಿತ್ತಜನಕಾಂಗದಲ್ಲಿ ವಿಷ ಕಳೆಯುವ ಕಿಣ್ವಗಳು ಚುರುಕಾಗುತ್ತವೆ. ವಿಪರ್ಯಾಸವೆಂದರೆ, ವಿಷವನ್ನು ಕರಗಿಸಿ ಹೊರಹಾಕಲು ಹೊರಟ ಆ ಕಿಣ್ವಗಳೇ ಕೆಲವು ಪಿಎಎಚ್‌ಗಳನ್ನು ಇನ್ನೂ ಉಗ್ರವಾದ ಅಣುಗಳಾಗಿ ಮಾರ್ಪಡಿಸುತ್ತವೆ. ದೊಡ್ಡ ಹಕ್ಕಿ ಮಲದ ಮೂಲಕ ಬಹಳಷ್ಟನ್ನು ಹೊರಹಾಕಬಲ್ಲದು. ಚಿಪ್ಪಿನೊಳಗೆ ಮುಚ್ಚಿಕೊಂಡಿರುವ ಭ್ರೂಣ ಎಲ್ಲಿಗೆ ಹಾಕಬೇಕು?

ಕೆನಡಾದ ಸಂಶೋಧಕರಾದ ಕುಯಾರ್ ಮತ್ತು ಲೇಟನ್ 1990ರ ಆಸುಪಾಸಿನಲ್ಲಿ ಕೋಳಿ ಭ್ರೂಣಗಳ ಮೇಲೆ ಪ್ರೂಡೋ ಬೇ ತೈಲದ ಪರಿಣಾಮವನ್ನು ಹಂತಹಂತವಾಗಿ ನೋಡಿದರು. ಪಿತ್ತಜನಕಾಂಗದ ಜೀವಕೋಶಗಳು ಸತ್ತಿದ್ದವು, ಮೂತ್ರಪಿಂಡ ಕೆಟ್ಟಿತ್ತು, ಮೈಯಲ್ಲಿ ನೀರು ತುಂಬಿ ಊದಿತ್ತು. ಹಾಫ್‌ಮನ್ ಕಂಡ ಬಾತಿನ ಭ್ರೂಣಗಳಲ್ಲಿ ಕೊಕ್ಕು ಸೊಟ್ಟಗಾಗಿತ್ತು, ಕಣ್ಣು ಮತ್ತು ಮಿದುಳು ಸರಿಯಾಗಿ ರೂಪುಗೊಂಡಿರಲಿಲ್ಲ, ರೆಕ್ಕೆಯ ಮೂಳೆ ಗಟ್ಟಿಯಾಗಿರಲಿಲ್ಲ. ಹೃದಯವೂ ಇದರಿಂದ ಹೊರತಲ್ಲ ಎಂಬುದು ಇತ್ತೀಚಿನ ವರ್ಷಗಳಲ್ಲಿ ಕೋಳಿ, ನೀರುಕಾಗೆ, ಜೀಬ್ರಾ ಫಿಂಚ್ ಮೊಟ್ಟೆಗಳ ಮೇಲೆ ನಡೆದ ಅಧ್ಯಯನಗಳಿಂದ ಗೊತ್ತಾಗಿದೆ.

ಯಾವ ದಿನ ತಾಗಿತು ಎಂಬುದೂ ಮುಖ್ಯ. ಕೋಳಿಮರಿಯ ಹೃದಯ ಎರಡನೆಯ ದಿನವೇ ಮಿಡಿಯಲು ತೊಡಗುತ್ತದೆ. ಮುಂದಿನ ಒಂದು ವಾರದಲ್ಲಿ ಮುಖ್ಯ ಅಂಗಗಳೆಲ್ಲ ರೂಪುಗೊಳ್ಳುತ್ತವೆ. ಮಲ್ಲಾರ್ಡ್ ಬಾತಿನ ಕಾವು ಸುಮಾರು 28 ದಿನ, ಅದರಲ್ಲಿ ಮೊದಲ ಹತ್ತು ದಿನಗಳಲ್ಲಿ ಬಿದ್ದ ಎಣ್ಣೆಯೇ ಹೆಚ್ಚು ಅಪಾಯಕಾರಿ. ಇನ್ನೇನು ಚಿಪ್ಪು ಒಡೆಯಲಿರುವ ಮರಿ ಅದೇ ಪ್ರಮಾಣವನ್ನು ಎಷ್ಟೋ ಸಲ ತಾಳಿಕೊಳ್ಳುತ್ತದೆ.

ಎಲ್ಲ ಎಣ್ಣೆಯೂ ಒಂದೇ ಅಲ್ಲ ಎಂದು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಭಯ ಹುಟ್ಟಿಸಿದಂತಾದೀತು. ಬಿಸಿಲು, ಗಾಳಿ, ಅಲೆಗಳಿಗೆ ಸಿಕ್ಕಿ ವಾರಗಟ್ಟಲೆ ತೇಲಿದ ತೈಲದಿಂದ ಹಗುರ ಅಣುಗಳು ಹಾರಿಹೋಗುತ್ತವೆ, ವಿಷದ ತೀವ್ರತೆ ತಗ್ಗುತ್ತದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ವೇದಿಕೆ ಸಿಡಿದು, 87 ದಿನ ತೈಲ ಉಕ್ಕಿತಲ್ಲ, ಆ ನೀರಿನಿಂದ ಸಂಗ್ರಹಿಸಿದ ಹಳೆಯ ತೈಲವನ್ನು ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದವರು ಬಾತಿನ ಮೊಟ್ಟೆಗಳ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಭ್ರೂಣಗಳು ಸಾಯಲು ಮೊಟ್ಟೆಗೆ ಸುಮಾರು 30 ಮಿಲಿಗ್ರಾಂ ಬೇಕಾಯಿತು. ಆಲ್ಬರ್ಸ್ ಅವರ ಇಂಧನ ತೈಲದ ಮಾರಕ ಕಲೆಗಳಿಗೆ ಹೋಲಿಸಿದರೆ ಇದು ಹಲವು ಪಟ್ಟು. ಹಾಗೆಂದು ನಿರಾಳವಾಗುವಂತಿಲ್ಲ, ಎದೆಗರಿಗೆ ಒಮ್ಮೆ ಮೆತ್ತುವ ಜಿಗುಟು ತೈಲದಲ್ಲಿ 30 ಮಿಲಿಗ್ರಾಂ ದೊಡ್ಡ ಮಾತಲ್ಲ.

ಅದೇ ಅಪಘಾತದಲ್ಲಿ ತೈಲವನ್ನು ಚದುರಿಸಲು ಕೋರೆಕ್ಸಿಟ್ ಎಂಬ ರಾಸಾಯನಿಕವನ್ನು ಸುಮಾರು 70 ಲಕ್ಷ ಲೀಟರ್ ಸುರಿದರು. ನೀರಿನ ಮೇಲಿನ ಪದರ ಒಡೆದರೆ ಹಕ್ಕಿಯ ಗರಿಗೆ ಅಂಟುವುದು ಕಡಿಮೆಯಾಗುತ್ತದೆ ಎಂಬುದು ಲೆಕ್ಕಾಚಾರ. ಮೊಟ್ಟೆಯ ಮಟ್ಟಿಗೆ ಹೇಳುವುದಾದರೆ, ಚದುರಿಸುವ ರಾಸಾಯನಿಕ ಬೆರೆತ ತೈಲ ಬರೀ ತೈಲಕ್ಕಿಂತ ಸೌಮ್ಯವೇನಲ್ಲ ಎಂದು ಆಲ್ಬರ್ಸ್ 1979ರಲ್ಲೇ ತೋರಿಸಿದ್ದರು. ಕೋರೆಕ್ಸಿಟ್ ಒಂದನ್ನೇ ಹಾಕಿದರೂ ಬಾತಿನ ಭ್ರೂಣಕ್ಕೆ ಕೆಡುಕು ಎಂಬುದು ಮುಂದೆ ಬಂದ ಪ್ರಯೋಗಗಳ ಫಲಿತಾಂಶ.

ಚಿಪ್ಪಿಗೆ ಎಣ್ಣೆ ತಾಗದೆಯೂ ಮೊಟ್ಟೆ ಕೆಡಬಹುದು. ಗರಿ ಕೊಳೆಯಾದ ಹಕ್ಕಿ ಅದನ್ನು ಕೊಕ್ಕಿನಿಂದ ನೇವರಿಸಿ ಶುಚಿಮಾಡಿಕೊಳ್ಳುತ್ತದೆ, ಮಾಡಿಕೊಳ್ಳುತ್ತ ಎಣ್ಣೆ ನುಂಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಾವ್ ಮತ್ತು ಜೊತೆಗಾರರು 1977ರಲ್ಲಿ ಹಕ್ಕಿಗಳಿಗೆ ಹಡಗಿನ ಬಂಕರ್ ತೈಲವನ್ನು ಒಂದೇ ಒಂದು ಸಲ ತಿನ್ನಿಸಿ, ಆಮೇಲಿನ ದಿನಗಳಲ್ಲಿ ಅವು ಇಟ್ಟ ಮೊಟ್ಟೆಗಳನ್ನು ಕೊಯ್ದು ನೋಡಿದರು. ಹಳದಿ ಒಂದೇ ದಿನದಲ್ಲಿ ಆಗುವಂಥದ್ದಲ್ಲ, ದಿನಕ್ಕೊಂದು ಪದರದಂತೆ ಕೂಡಿ ಬೆಳೆಯುತ್ತದೆ. ಎಣ್ಣೆ ತಿಂದ ಹಕ್ಕಿಗಳ ಹಳದಿಯಲ್ಲಿ ಪದರಗಳ ರಚನೆ ಏರುಪೇರಾಗಿತ್ತು, ಮರಿಯಾಗುವುದೂ ಕಡಿಮೆಯಾಗಿತ್ತು.

ಹೀಗೆ ಒಂದೊಂದು ಗೂಡಿನಲ್ಲಿ ಆದ ನಷ್ಟ ಕೂಡಿಕೊಂಡು ಎಷ್ಟಾಗುತ್ತದೆ ಎಂದು ತಿಳಿಯಲು ಬಹಳ ವರ್ಷ ಕಾಯಬೇಕು. ಸ್ಪೇನಿನ ಗಲೀಸಿಯಾದಲ್ಲಿ ಹಾಗೆ ಕಾದವರಿದ್ದರು. 2002ರ ನವೆಂಬರಿನಲ್ಲಿ ಪ್ರೆಸ್ಟೀಜ್ ಎಂಬ ಟ್ಯಾಂಕರ್ ಎರಡು ತುಂಡಾಗಿ ಮುಳುಗಿತು. ಅಲ್ಲಿನ ನೀರುಕಾಗೆ ಬಳಗದ ಶಾಗ್ ಹಕ್ಕಿಗಳ ಗೂಡುಗಳನ್ನು ಅಪಘಾತದ ಮೊದಲಿಂದಲೇ ಎಣಿಸುತ್ತಿದ್ದರು, ಎಣಿಕೆ ಮುಂದುವರಿಯಿತು. ಎಣ್ಣೆ ತಲುಪಿದ ನೆಲೆಗಳಲ್ಲಿ ಸಂತಾನೋತ್ಪತ್ತಿಯ ಯಶಸ್ಸು ಎಣ್ಣೆ ತಲುಪದ ನೆಲೆಗಳಿಗಿಂತ ನೂರಕ್ಕೆ 45ರಷ್ಟು ತಗ್ಗಿತ್ತು, ಹತ್ತು ವರ್ಷ ಕಳೆದರೂ ಹಾಗೇ ಇತ್ತು. ಇದರಲ್ಲಿ ಮೊಟ್ಟೆಗೆ ತಾಗಿದ ವಿಷದ ಪಾಲೆಷ್ಟು, ಮೀನು ಕಡಿಮೆಯಾದದ್ದರ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ದಡ ತೊಳೆದು, ಪರಿಹಾರ ಹಂಚಿ, ಸುದ್ದಿ ಮರೆತುಹೋದ ಬಹುಕಾಲದ ಮೇಲೂ ಗೂಡುಗಳು ಸರಿಹೋಗಿರಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ನಮ್ಮ ಕಡಲಿಗೂ ಇದು ದೂರದ ಮಾತಲ್ಲ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ಹೊರಗಿನ ಆಯ್ಸ್ಟರ್ ರಾಕ್ ಬಂಡೆಗಳ ಬಳಿ ನೆಲಕ್ಕೆ ತಗುಲಿ, ಅದರ ಇಂಧನ ತೈಲ ಕಾರವಾರದ ದಡಕ್ಕೂ ಗೋವಾದ ದಡಕ್ಕೂ ಬಂತು. 2022ರ ಜೂನಿನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿತು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಮುಳುಗಿತು. ಮೂರೂ ಮುಂಗಾರು ಶುರುವಾಗುವ ವಾರಗಳ ಆಸುಪಾಸಿನಲ್ಲೇ. ಕಡಲು ಕೆರಳುವ ಹೊತ್ತಿಗೆ ಹಡಗುಗಳು ಎಡವುವುದು ಸಹಜ. ಪಶ್ಚಿಮ ಕರಾವಳಿಯ ಕಲ್ಲುದ್ವೀಪಗಳಲ್ಲಿ ಕೆಲವು ರೀವಗಳು ಮೊಟ್ಟೆಯಿಡುವುದೂ ಅದೇ ಹೊತ್ತಿಗೆ. ಮಳೆಗಾಲದ ಆಸುಪಾಸಿನಲ್ಲಿ ಗೋವಾದಿಂದ ಉತ್ತರ ಕನ್ನಡದವರೆಗಿನ ಮರಳಿನ ಮೇಲೆ ಕಾಲಿಗೆ ಅಂಟುವ ಡಾಂಬರಿನ ಉಂಡೆಗಳು ಬಂದು ಬೀಳುವುದು ಅಲ್ಲಿನವರಿಗೆಲ್ಲ ಗೊತ್ತು. ಅವು ಹಳತಾದ ತೈಲ, ಮೊಟ್ಟೆಗೆ ಹೊಸ ತೈಲದಷ್ಟು ಅಪಾಯವಿಲ್ಲ.

ಜವುಗು, ಹಿನ್ನೀರುಗಳಲ್ಲೂ ಉದಾಹರಣೆಗಳಿವೆ. ಅಸ್ಸಾಮಿನ ಬಾಗ್‌ಜಾನ್‌ನಲ್ಲಿ 2020ರ ಮೇ 27ರಂದು ಅನಿಲಬಾವಿ ಸಿಡಿದಾಗ ಪಕ್ಕದ ಮಾಗುರಿ ಮೊಟಾಪುಂಗ್ ಜವುಗಿನ ಮೇಲೆ ತೈಲದ ಪದರ ಹರಡಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಚೆನ್ನೈನ ಎಣ್ಣೂರು ಹಿನ್ನೀರಿಗೆ ತೈಲ ಹರಿದು, ಹೆಜ್ಜಾರ್ಲೆಗಳ ಬಿಳಿ ಗರಿ ಕಂದಾಯಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಬಾಣಂತನಕ್ಕೆ ಬಂದ ಮಗಳಂತೆ ಕಾಣುವುದು ಇದೇ ಜಾತಿಯ ಹಕ್ಕಿಯನ್ನು. ಅದು ಗೂಡು ಕಟ್ಟಲು ತೊಡಗುವುದು ಹೆಚ್ಚುಕಡಿಮೆ ಆ ದಿನಗಳಲ್ಲೇ.

ಬಿಸಿಲು ನಾಡಿನ ಹಕ್ಕಿಗಳಿಗೆ ಇನ್ನೊಂದು ಅಭ್ಯಾಸವಿದೆ, ಉತ್ತರದ ಚಳಿಸಮುದ್ರಗಳ ಅಧ್ಯಯನಗಳಲ್ಲಿ ಅದರ ಪ್ರಸ್ತಾಪ ಅಷ್ಟಾಗಿ ಬರುವುದಿಲ್ಲ. ಭದ್ರಾ ಜಲಾಶಯದ ನೀರು ಇಳಿದಾಗ ಮೇಲೇಳುವ ದಿಬ್ಬಗಳಲ್ಲಿ ಸಾವಿರಾರು ಹೊಳೆ ರೀವಗಳು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಮಾರ್ಚ್, ಏಪ್ರಿಲಿನ ನಡುಹಗಲಲ್ಲಿ ಆ ನೆಲ ಕಾದ ಹೆಂಚು. ಅಲ್ಲಿ ಕಾವು ಕೊಡುವುದಕ್ಕಿಂತ ತಣ್ಣಗಿಡುವುದೇ ದೊಡ್ಡ ಕೆಲಸ. ರೀವಗಳು, ಟಿಟ್ಟಿಭಗಳು ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ಒದ್ದೆಯನ್ನು ಮೊಟ್ಟೆಗಳಿಗೆ ತಾಗಿಸುತ್ತವೆ, ಬಿಸಿಲೇರಿದಂತೆ ಮತ್ತೆ ಮತ್ತೆ. ನೀರಿನ ಮೇಲೆ ತೈಲದ ತೆಳುಪೊರೆ ಇದ್ದರೆ ಆ ಗರಿಗಳಿಗೆ ಮೊದಲು ಸಿಗುವುದು ನೀರಲ್ಲ, ಪೊರೆ. ಬರೀ ಗಣಿತದಲ್ಲಿ, ಒಂದು ಲೀಟರ್ ಡೀಸೆಲಿನಲ್ಲಿ 5 ಮೈಕ್ರೋಲೀಟರಿನ ಎರಡು ಲಕ್ಷ ಪಾಲುಗಳಿವೆ. ಎಲ್ಲವೂ ಮೊಟ್ಟೆಗೆ ತಲುಪುವುದಿಲ್ಲ, ನಿಜ. ಆದರೆ ದೋಣಿಯ ಎಂಜಿನ್ನಿನಿಂದ ಜಿನುಗಿದ್ದನ್ನು ಅಪಘಾತ ಎಂದು ಯಾರೂ ಬರೆದಿಡುವುದೂ ಇಲ್ಲ.

ಎಣ್ಣೆ ತಾಗಿದ ದೊಡ್ಡ ಹಕ್ಕಿಯನ್ನು ಹಿಡಿದು ಸೋಪಿನ ನೀರಿನಲ್ಲಿ ತೊಳೆಯುತ್ತಾರೆ. ಮೊಟ್ಟೆಯನ್ನು ತೊಳೆದರೆ ಚಿಪ್ಪಿನ ಹೊರಪೊರೆಯೇ ಹೋಗಿ ರಂಧ್ರಗಳು ಇನ್ನಷ್ಟು ತೆರೆದುಕೊಳ್ಳುತ್ತವೆ, ಒಳಗೆ ಇಂಗಿದ್ದು ಹೊರಗೆ ಬರುವುದೂ ಇಲ್ಲ. ಡೀಪ್‌ವಾಟರ್ ಹೊರೈಜನ್ ದುರಂತದ ವರ್ಷ ಮೆಕ್ಸಿಕೋ ಕೊಲ್ಲಿಯ ಮರಳಿನಿಂದ ಕಡಲಾಮೆಗಳ ಸುಮಾರು 270 ಗೂಡುಗಳನ್ನು ಅಗೆದು, ಫ್ಲಾರಿಡಾದ ಅಟ್ಲಾಂಟಿಕ್ ಬದಿಗೆ ಸಾಗಿಸಿ, 14 ಸಾವಿರಕ್ಕೂ ಹೆಚ್ಚು ಮರಿಗಳನ್ನು ಕಡಲಿಗೆ ಬಿಟ್ಟರು. ಆಮೆಯ ಮೊಟ್ಟೆಗೆ ಮರಳು ಸಾಕು. ಇನ್‌ಕ್ಯುಬೇಟರ್ ಇಲ್ಲದಿದ್ದರೆ ಹಕ್ಕಿಯ ಮೊಟ್ಟೆಗೆ ತಂದೆತಾಯಿಯ ಮೈಯೇ ಬೇಕು, ಅದನ್ನು ಬೇರೆ ಊರಿಗೆ ಒಯ್ಯುವಂತಿಲ್ಲ. ಹೋಗಲಿ, ದ್ವೀಪಕ್ಕಿಳಿದು ದಡವನ್ನಾದರೂ ಶುಚಿಮಾಡೋಣವೆಂದರೆ ಜನರ ಓಡಾಟಕ್ಕೆ ಬೆದರಿ ಹಕ್ಕಿಗಳು ಎದ್ದುಹೋಗುತ್ತವೆ, ಬಿಸಿಲಿಗೆ ಬಿದ್ದ ಮೊಟ್ಟೆಗಳು ಒಂದು ಗಂಟೆಯೊಳಗೆ ಬೇಯಬಹುದು. ಹಾಗಾಗಿ ಗೂಡಿನ ಮಟ್ಟಿಗೆ ಉಳಿಯುವ ದಾರಿ ಎಣ್ಣೆ ಅಲ್ಲಿಗೆ ಮುಟ್ಟುವ ಮೊದಲೇ ಅದನ್ನು ತಡೆಯುವುದು.

ತಡೆಯಲು ಎಲ್ಲಿಗೆ ಓಡಬೇಕೆಂದು ಮೊದಲೇ ತಿಳಿದಿರಬೇಕಲ್ಲ. ಭಾರತದ ಕಡಲಿನಲ್ಲಿ ಎಣ್ಣೆ ಚೆಲ್ಲಿದರೆ ಮುಂದೆ ನಿಲ್ಲುವ ಹೊಣೆ ಕರಾವಳಿ ಕಾವಲು ಪಡೆಯದು, ಅದಕ್ಕೊಂದು ರಾಷ್ಟ್ರೀಯ ಯೋಜನೆಯೂ ಇದೆ. ಆ ಪಡೆಯ ಕೈಯಲ್ಲಿರುವ ನಕ್ಷೆಯಲ್ಲಿ ಬಂದರು, ಮೀನುಗಾರಿಕೆ, ಮ್ಯಾಂಗ್ರೋವ್‌ಗಳ ಜೊತೆಗೆ ಗೂಡುಗಳಿರುವ ಬಂಡೆಗಳೂ, ಯಾವ ಬಂಡೆಯ ಮೇಲೆ ಯಾವ ತಿಂಗಳು ಮೊಟ್ಟೆಯಿರುತ್ತದೆ ಎಂಬುದೂ ಇರಬೇಕು. ಕಾರವಾರದ ಹೊರಗಿನ ಬಂಡೆಗಳಿಂದ ಹಿಡಿದು ಮುರ್ಡೇಶ್ವರದಾಚೆಯ ನೇತ್ರಾಣಿ, ಮಲ್ಪೆಯ ಎದುರಿನ ದ್ವೀಪಗಳವರೆಗೆ ಅಂಥ ಪಟ್ಟಿ ಮಾಡುವುದು ಒಂದೆರಡು ಹಂಗಾಮುಗಳ ಕೆಲಸ. ಮೀನುಗಾರರನ್ನು ಕೇಳಿದರೆ ಅರ್ಧ ಅಲ್ಲೇ ಸಿಕ್ಕೀತು.